ಆ ತುದಿಯ ಪೆಟ್ಟಿಗೆ ಯಾವುದು?

2016ರ ಸೆಪ್ಟೆಂಬರ್ 20ರಂದು ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ಜಾಲತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್‌ನಷ್ಟು ದತ್ತಾಂಶ ಏಕಾಏಕಿ ನುಗ್ಗಿತು. ಒಂದು ತಿಂಗಳ ನಂತರ, ಅಕ್ಟೋಬರ್ 21ರಂದು, ತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸಿಕೊಡುವ ಡಿನ್ ಎಂಬ ಡಿಎನ್‌ಎಸ್ ಸಂಸ್ಥೆಯ ಸರದಿ ಬಂತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ತೆರೆಯಲೇ ಇಲ್ಲ. ದಾಳಿಗೆ ಬಳಕೆಯಾದ ಯಂತ್ರಗಳ ಐಪಿ ವಿಳಾಸಗಳು ತನಿಖೆಗೆ ಇಳಿದವರ ಕೈಯಲ್ಲಿದ್ದವು. ಆದರೆ ಆ ವಿಳಾಸದ ಇನ್ನೊಂದು ತುದಿಯಲ್ಲಿ ಕೂತಿರುವುದು ಕಂಪ್ಯೂಟರೋ, ಕ್ಯಾಮೆರಾವೋ, ಮನೆಯ ರೂಟರೋ ಎಂಬುದನ್ನು ವಿಳಾಸ ಹೇಳುವುದಿಲ್ಲ.

ಈ ಯಂತ್ರಗಳನ್ನು ದಾಳಿಗೆ ಇಳಿಸಿದ, ಮಿರಾಯ್ ಎಂದು ಹೆಸರಾದ ಕುತಂತ್ರಾಂಶ ಹರಡಿದ ರೀತಿ ತೀರಾ ಸರಳವಾಗಿತ್ತು. ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳ ಅರವತ್ತರ ಆಸುಪಾಸಿನ ಜೋಡಿಗಳು ಅದರ ಬಳಿ ಇದ್ದವು. ಟೆಲ್ನೆಟ್ ಬಾಗಿಲು ತೆರೆದಿಟ್ಟುಕೊಂಡ ಸಾಧನ ಸಿಕ್ಕಿದರೆ ಆ ಜೋಡಿಗಳಲ್ಲಿ ಕೆಲವನ್ನು ಪ್ರಯತ್ನಿಸಿ ಒಳಗೆ ನುಗ್ಗುತ್ತಿತ್ತು. 2017ರಲ್ಲಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡನೆಯಾದ ಅಧ್ಯಯನದ ಪ್ರಕಾರ ಉಚ್ಛ್ರಾಯದಲ್ಲಿ ಸುಮಾರು ಆರು ಲಕ್ಷ ಸಾಧನಗಳು ಅದರ ವಶದಲ್ಲಿದ್ದವು. ಅವು ಯಾವ ಜಾತಿಯವು ಎಂದು ಪತ್ತೆಹಚ್ಚುವಾಗ ಸಂಶೋಧಕರಿಗೆ ಒಂದು ವಿಚಿತ್ರ ತೊಡಕು ಎದುರಾಯಿತು. ಮಿರಾಯ್ ಒಳಹೊಕ್ಕ ಕೂಡಲೇ ಬೇರೆ ಕುತಂತ್ರಾಂಶ ಬಾರದಂತೆ ಟೆಲ್ನೆಟ್, ಎಸ್‌ಎಸ್‌ಎಚ್ ಬಾಗಿಲುಗಳನ್ನು ತಾನೇ ಮುಚ್ಚಿಬಿಡುತ್ತಿತ್ತು. ಗುರುತು ಕೇಳಲು ಹೋದವರಿಗೆ ಆ ಬಾಗಿಲುಗಳಲ್ಲಿ ಉತ್ತರ ಕೊಡುವವರೇ ಇರಲಿಲ್ಲ. ಸಾಧನಗಳ ಒಂದು ಪಾಲಿಗೆ ಮಾತ್ರ ಹೆಸರು ಹಚ್ಚಲು ಸಾಧ್ಯವಾಯಿತು. ಅವುಗಳಲ್ಲಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳೇ ಹೆಚ್ಚು. ತಮಾಷೆಯೆಂದರೆ ಮಿರಾಯ್‌ನ ಗುರುತು ಮಾತ್ರ ಸಲೀಸಾಗಿ ಸಿಗುತ್ತಿತ್ತು. ಟಿಸಿಪಿ ಸಂಪರ್ಕದ ಮೊದಲ ಪ್ಯಾಕೆಟ್‌ನಲ್ಲಿ ಊಹಿಸಲಾಗದ ಒಂದು ಕ್ರಮಸಂಖ್ಯೆ ಇರಬೇಕು. ಮಿರಾಯ್ ಅಲ್ಲಿ ತಾನು ಬಡಿಯುತ್ತಿರುವ ವಿಳಾಸವನ್ನೇ ತುಂಬಿ ಕಳಿಸುತ್ತಿತ್ತು. ಹೀಗಾಗಿ ರೋಗ ಯಾವುದೆಂದು ಖಚಿತವಾಗಿ ಹೇಳಬಹುದಿತ್ತು, ರೋಗಿ ಯಾರೆಂದು ಹೇಳುವುದು ಕಷ್ಟವಾಗಿತ್ತು.

ದೂರದಲ್ಲಿರುವ ಸಾಧನದ ಬಗೆಯನ್ನು ಜಾಲದ ಮೂಲಕವೇ ಗುರುತಿಸುವ ವಿದ್ಯೆಗೆ ಈಗ ಮೂವತ್ತು ವರ್ಷಗಳ ಇತಿಹಾಸವಿದೆ. ಆಸ್ಪತ್ರೆಯ ಜಾಲ ನೋಡಿಕೊಳ್ಳುವವರಿಗೆ ಅದು ಬೇಕು, ಇಂಟರ್ನೆಟ್ ಸಂಪರ್ಕ ಒದಗಿಸುವ ಕಂಪನಿಗೆ ಬೇಕು, ಪೊಲೀಸರಿಗೆ ಬೇಕು, ಕಳ್ಳರಿಗಂತೂ ಬೇಕೇ ಬೇಕು. ಆದರೆ ಇವರೆಲ್ಲ ಕೇಳುವ ಪ್ರಶ್ನೆ ಒಂದೇ ಅಲ್ಲ. ಅದು ಒಂದೇ ಎಂದು ನಂಬಿರುವುದರಿಂದಲೇ ಈ ಕ್ಷೇತ್ರದಲ್ಲಿ ಅರ್ಧದಷ್ಟು ಗೊಂದಲ ಹುಟ್ಟಿದೆ ಎಂಬುದು ನನ್ನ ಎಣಿಕೆ.

ಅಂಗಡಿಯಿಂದ ತಂದ ಒಂದು ಸಿಸಿಟಿವಿ ಡಿವಿಆರ್ ತೆಗೆದುಕೊಳ್ಳಿ. ಡಬ್ಬಿಯ ಮೇಲಿನ ಹೆಸರು ಒಂದು. ಒಳಗಿನ ಬೋರ್ಡ್ ಮತ್ತು ಅದರ ತಂತ್ರಾಂಶ ತಯಾರಿಸಿದ್ದು ಇನ್ನೊಂದು ಕಂಪನಿ. ಜಾಲದ ಚಿಪ್ ಮೂರನೆಯವರದ್ದು. ಆ ತಂತ್ರಾಂಶದ ತಳದಲ್ಲಿರುವ ಲಿನಕ್ಸ್ ಊರೆಲ್ಲರದ್ದು. ಮಿರಾಯ್ ಪ್ರಕರಣದಲ್ಲಿ ಹೆಸರು ಕೇಳಿಬಂದ ಚೀನಾದ ಹಾಂಗ್‌ಝೌ ಷಿಯಾಂಗ್‌ಮಾಯ್ ಕಂಪನಿ ಇಂಥ ಬೋರ್ಡ್‌ಗಳನ್ನು ಮಾಡಿ ಬೇರೆ ಬೇರೆ ಮಾರಾಟಗಾರರಿಗೆ ಕೊಡುತ್ತಿತ್ತು. ಅವರು ತಂತಮ್ಮ ಹೆಸರು ಅಂಟಿಸಿ ಮಾರುತ್ತಿದ್ದರು. ದುರ್ಬಲ ಪಾಸ್‌ವರ್ಡ್ ಇದ್ದದ್ದು ಬೋರ್ಡ್‌ನ ತಂತ್ರಾಂಶದಲ್ಲಿ, ಗ್ರಾಹಕನಿಗೆ ಗೊತ್ತಿದ್ದದ್ದು ಡಬ್ಬಿಯ ಹೆಸರು. ಈಗ "ಇದು ಯಾವ ಸಾಧನ?" ಎಂದು ಕೇಳಿದರೆ ಏನು ಹೇಳಬೇಕು? ದೋಷ ಸರಿಪಡಿಸುವವನಿಗೆ ಫರ್ಮ್‌ವೇರ್‌ನ ಆವೃತ್ತಿ ಬೇಕು. ಜಾಲದಲ್ಲಿ ಯಾವುದಕ್ಕೆ ಎಷ್ಟು ಸ್ವಾತಂತ್ರ್ಯ ಎಂದು ನಿಯಮ ಬರೆಯುವವನಿಗೆ ಅದು ಕ್ಯಾಮೆರಾ ಎಂದು ತಿಳಿದರೆ ಸಾಕು. ಖರೀದಿ ವಿಭಾಗಕ್ಕೆ ಬ್ರ್ಯಾಂಡ್ ಬೇಕು. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ಕೆಲಸ ಕೆಡುತ್ತದೆ.

ಉತ್ತರ ಪಡೆಯುವ ಅತ್ಯಂತ ಸುಲಭದ ದಾರಿಯೆಂದರೆ ಸಾಧನವನ್ನೇ ಕೇಳುವುದು. ಬಹಳಷ್ಟು ಪೆಟ್ಟಿಗೆಗಳು ಕೇಳುವ ಮೊದಲೇ ಬಾಯಿಬಿಡುತ್ತವೆ. ಎಸ್‌ಎಸ್‌ಎಚ್ ಬಾಗಿಲು ತಟ್ಟಿದರೆ ಮೊದಲ ಸಾಲಿನಲ್ಲೇ ತಂತ್ರಾಂಶದ ಹೆಸರು ಬರುತ್ತದೆ: ಅಲ್ಲಿ ಡ್ರಾಪ್‌ಬೇರ್ ಎಂದಿದ್ದರೆ ಅದು ಸಣ್ಣ ರೂಟರೋ ಕ್ಯಾಮೆರಾವೋ ಆಗಿರುವ ಸಾಧ್ಯತೆ ಹೆಚ್ಚು, ಸಿಸ್ಕೊ ಎಂದಿದ್ದರೆ ಮತ್ತೆ ಊಹೆ ಬೇಕಿಲ್ಲ. ವೆಬ್ ಸರ್ವರ್ ತನ್ನ ಹೆಸರು ಹೇಳುತ್ತದೆ, ಎಫ್‌ಟಿಪಿ ಸ್ವಾಗತ ಕೋರುತ್ತದೆ, ಲಾಗಿನ್ ಪುಟದ ಶೀರ್ಷಿಕೆಯಲ್ಲಿ ಮಾದರಿಯ ಸಂಖ್ಯೆಯೇ ಇರುತ್ತದೆ. ಪರಿಣತರು ಇವನ್ನು ಬ್ಯಾನರ್ ಎನ್ನುತ್ತಾರೆ.

ಸಾಧನಗಳನ್ನು ನಿರ್ವಹಿಸಲೆಂದೇ 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಈ ದಾರಿಯ ಅಧಿಕೃತ ರೂಪ. ಅದರಲ್ಲಿ ಸಾಧನದ ವಿವರಣೆಗೆ ಒಂದು ಸ್ಥಾನ, ಸಾಧನದ ಬಗೆಗೆ ಇನ್ನೊಂದು ಸ್ಥಾನ ಎಂದು ಮೊದಲೇ ಗೊತ್ತುಮಾಡಲಾಗಿದೆ. ಬಗೆಯನ್ನು ಚುಕ್ಕಿಗಳಿಂದ ಬೇರ್ಪಡಿಸಿದ ಅಂಕಿಗಳ ಸರಣಿಯಾಗಿ ಬರೆಯುತ್ತಾರೆ. ಸರಣಿಯ ನಡುವೆ ಬರುವ ಕಂಪನಿ ಸಂಖ್ಯೆಯನ್ನು ಐಯಾನಾ ಸಂಸ್ಥೆ ಹಂಚುತ್ತದೆ: ಐಬಿಎಂಗೆ 2, ಸಿಸ್ಕೊಗೆ 9, ಎಚ್‌ಪಿಗೆ 11, ಹುವಾವೆಗೆ 2011. ಇದಕ್ಕಿಂತ ಶುದ್ಧವಾದ ಉತ್ತರ ಜಾಲದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಆದರೆ ಹಳೆಯ ಆವೃತ್ತಿಗಳಲ್ಲಿ ಇದಕ್ಕಿದ್ದ ಕಾವಲು "ಪಬ್ಲಿಕ್" ಎಂಬ ಎಲ್ಲರಿಗೂ ಗೊತ್ತಿದ್ದ ಪದ ಮಾತ್ರ. ಬಿಗಿ ಭದ್ರತೆಯೊಂದಿಗೆ ಮೂರನೆಯ ಆವೃತ್ತಿ ಬಂದ ಮೇಲೆ ಈ ಸೋರಿಕೆ ನಿಂತಿತು ಎಂದುಕೊಂಡಿದ್ದರು. 2021ರಲ್ಲಿ ಒಂದು ಸಂಶೋಧಕ ತಂಡ ಅದನ್ನೂ ಪರೀಕ್ಷಿಸಿತು. ಗುರುತಿನ ಪರಿಶೀಲನೆ ಶುರುವಾಗುವ ಮೊದಲೇ, ಮಾತುಕತೆಗೆ ಅಗತ್ಯವೆಂದು, ಸಾಧನ ತನ್ನ ಎಂಜಿನ್ ಗುರುತನ್ನು ಯಾರಿಗಾದರೂ ಕೊಡುತ್ತದೆ. ಅದರೊಳಗೆ ಎಷ್ಟೋ ಸಲ ತಯಾರಕರ ಸಂಖ್ಯೆಯೂ ಮ್ಯಾಕ್ ವಿಳಾಸವೂ ಇರುತ್ತವೆ. ಜೊತೆಗೆ ಎಷ್ಟು ಬಾರಿ ಮರುಚಾಲನೆ ಆಗಿದೆ, ಕೊನೆಯ ಸಲ ಯಾವಾಗ ಎಂಬ ಲೆಕ್ಕ ಬೇರೆ. ಭದ್ರತೆ ಹೆಚ್ಚಿಸಿದ ಆವೃತ್ತಿಯೇ ರೂಟರ್‌ಗಳನ್ನು ಗುರುತಿಸುವ ಒಳ್ಳೆಯ ಸಾಧನವಾಯಿತು.

ಬ್ಯಾನರ್ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದಕ್ಕೆ ನಮ್ಮ ದೇಶಕ್ಕೇ ಸಂಬಂಧಪಟ್ಟ ಒಂದು ಪ್ರಕರಣ ಇದೆ. 2022ರ ಏಪ್ರಿಲ್‌ನಲ್ಲಿ ರೆಕಾರ್ಡೆಡ್ ಫ್ಯೂಚರ್ ಎಂಬ ಭದ್ರತಾ ಸಂಸ್ಥೆ, ಲಡಾಖ್ ಗಡಿಗೆ ಹತ್ತಿರವಿರುವ ಉತ್ತರ ಭಾರತದ ಕನಿಷ್ಠ ಏಳು ವಿದ್ಯುತ್ ರವಾನೆ ನಿಯಂತ್ರಣ ಕೇಂದ್ರಗಳನ್ನು ಚೀನಾ ಬೆಂಬಲದ ಗುಂಪೊಂದು ಗುರಿ ಮಾಡಿದೆ ಎಂದು ವರದಿ ಮಾಡಿತು. ದಾಳಿಕೋರರು ತಮ್ಮ ಆದೇಶಗಳನ್ನು ರವಾನಿಸಲು ಇಂಟರ್ನೆಟ್ಟಿಗೆ ತೆರೆದಿದ್ದ ಡಿವಿಆರ್, ಐಪಿ ಕ್ಯಾಮೆರಾಗಳನ್ನು ವಶಪಡಿಸಿಕೊಂಡು ಬಳಸುತ್ತಿದ್ದರಂತೆ. ಮೈಕ್ರೋಸಾಫ್ಟ್ ಆ ವರದಿಯಲ್ಲಿದ್ದ ಐಪಿ ವಿಳಾಸಗಳನ್ನು ಮತ್ತೆ ಪರಿಶೀಲಿಸಿ ಅದೇ ವರ್ಷ ನವೆಂಬರ್‌ನಲ್ಲಿ ಬರೆದುಕೊಂಡ ಸಂಗತಿ ನನಗೆ ಇನ್ನೂ ಕುತೂಹಲಕರವಾಗಿ ಕಂಡಿತು. ಆ ಸಾಧನಗಳಲ್ಲಿ ಬೋವಾ ಎಂಬ ವೆಬ್ ಸರ್ವರ್ ಓಡುತ್ತಿತ್ತು. ಬೋವಾದ ಅಭಿವೃದ್ಧಿ 2005ರಲ್ಲೇ ನಿಂತುಹೋಗಿದೆ. ಆದರೂ ಚಿಪ್ ತಯಾರಕರು ಕೊಡುವ ತಂತ್ರಾಂಶದ ಗಂಟಿನಲ್ಲಿ ಅದು ಸೇರಿಕೊಂಡಿರುವುದರಿಂದ ಹೊಸ ಕ್ಯಾಮೆರಾಗಳಲ್ಲೂ ಜೀವಂತವಾಗಿದೆ. ಒಂದೇ ವಾರದಲ್ಲಿ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಬೋವಾ ಸರ್ವರ್‌ಗಳು ಹೊರಗಿನಿಂದ ಕಾಣಿಸಿದವು ಎಂದು ಮೈಕ್ರೋಸಾಫ್ಟ್ ಹೇಳಿತು. ಬೋವಾ ಎಂಬ ಹೆಸರು ತಯಾರಕ ಯಾರೆಂದು ಹೇಳುವುದಿಲ್ಲ, ಮಾದರಿ ಹೇಳುವುದಿಲ್ಲ, ಅದು ಕ್ಯಾಮೆರಾ ಹೌದೋ ಅಲ್ಲವೋ ಎಂದೂ ಹೇಳುವುದಿಲ್ಲ. ಆದರೆ ಹದಿನೇಳು ವರ್ಷ ಹಳೆಯ ತಂತ್ರಾಂಶ ಅಲ್ಲಿ ಕೂತಿದೆ ಎಂಬ ಒಂದು ಸಂಗತಿ, ಅಪಾಯದ ದೃಷ್ಟಿಯಿಂದ, ಮಾದರಿಯ ಹೆಸರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಾಧನ ಬಾಯಿಬಿಡದಿದ್ದರೆ? ಅಥವಾ ಸುಳ್ಳು ಹೇಳಿದರೆ? ಆಗ ಅದು ಹೇಳುವುದನ್ನು ಬಿಟ್ಟು, ಹೇಳುವ ಧಾಟಿಯನ್ನು ಗಮನಿಸಬೇಕು. ಟಿಸಿಪಿಯ ನಿಯಮಗಳು 1981ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 793 ಎಂಬ ದಾಖಲೆಯಾಗಿ ಬಂದವು. ಎಲ್ಲ ತಯಾರಕರೂ ಅದನ್ನೇ ಓದಿ ತಂತ್ರಾಂಶ ಬರೆದರು. ಆದರೆ ದಾಖಲೆ ಕೆಲವು ವಿಷಯಗಳಲ್ಲಿ ಮೌನವಾಗಿತ್ತು, ಕೆಲವೆಡೆ ಆಯ್ಕೆ ಕೊಟ್ಟಿತ್ತು, ಇನ್ನು ಕೆಲವೆಡೆ ಬರೆದದ್ದನ್ನು ಬರೆದಂತೆ ಪಾಲಿಸದವರೂ ಇದ್ದರು. ಧಾರವಾಡದವರೂ ಕುಂದಾಪುರದವರೂ ಆಡುವುದು ಕನ್ನಡವನ್ನೇ ಆದರೂ ಎರಡನೆಯ ವಾಕ್ಯಕ್ಕೆ ಊರು ಗೊತ್ತಾಗಿಬಿಡುವುದಿಲ್ಲವೇ, ಅದೇ ಬಗೆಯಲ್ಲಿ ಪ್ಯಾಕೆಟ್‌ಗಳ ನುಡಿಗಟ್ಟಿನಿಂದ ಆಪರೇಟಿಂಗ್ ಸಿಸ್ಟಮ್ಮಿನ ತವರು ತಿಳಿಯತೊಡಗಿತು.

ಇದನ್ನು ಮೊದಲು ಗಮನಿಸಿದವರ ಉದ್ದೇಶ ಬೇರೆಯಾಗಿತ್ತು. 1994ರಲ್ಲಿ ಡಗ್ಲಸ್ ಕಾಮರ್ ಮತ್ತು ಜಾನ್ ಲಿನ್ ಬೇರೆ ಬೇರೆ ಟಿಸಿಪಿಗಳನ್ನು ಹೊರಗಿನಿಂದ ಕೆಣಕಿ ನೋಡಿದ್ದು ಯಾರು ನಿಯಮ ಮುರಿಯುತ್ತಿದ್ದಾರೆ ಎಂದು ಕಂಡುಕೊಳ್ಳಲು. ಅದನ್ನು ಗುರುತಿಸುವ ವಿದ್ಯೆಯಾಗಿ ಜನಪ್ರಿಯಗೊಳಿಸಿದ್ದು ಗೋರ್ಡನ್ ಲಯನ್. ಫಿಯೋಡೋರ್ ಎಂಬ ಅಡ್ಡಹೆಸರಿನಲ್ಲಿ 1997ರ ಸೆಪ್ಟೆಂಬರ್‌ನಲ್ಲಿ ಅವರು ಎನ್‌ಮ್ಯಾಪ್ ಹೊರತಂದರು. ಮರುವರ್ಷ ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಗುರುತಿಸುವ ಶಕ್ತಿ ಬಂತು. ಕ್ವೆಸೋ ಎಂಬ ಇನ್ನೊಂದು ಉಪಕರಣ ಆಗಲೇ ಬಳಕೆಯಲ್ಲಿತ್ತು. ಎನ್‌ಮ್ಯಾಪ್‌ನ ಈಗಿನ ಪದ್ಧತಿಯಲ್ಲಿ ಗರಿಷ್ಠ 16 ಪ್ಯಾಕೆಟ್‌ಗಳು ಹೋಗುತ್ತವೆ. ಕೆಲವು ಸಭ್ಯವಾದವು, ಕೆಲವು ಬೇಕೆಂದೇ ವಕ್ರವಾದವು. ತೆರೆದ ಬಾಗಿಲಿಗೂ ಮುಚ್ಚಿದ ಬಾಗಿಲಿಗೂ ತಟ್ಟಿ, ಉತ್ತರದ ಒಂದೊಂದು ವಕ್ರತೆಯನ್ನೂ ಬರೆದುಕೊಂಡು, ಸಾವಿರಾರು ಮಾದರಿಗಳ ಪಟ್ಟಿಯೊಡನೆ ಹೋಲಿಸುತ್ತದೆ. ಆ ಪಟ್ಟಿ ಬೆಳೆದದ್ದು ಬಹುಮಟ್ಟಿಗೆ ಬಳಕೆದಾರರು ಕಳಿಸಿಕೊಟ್ಟ ಮಾದರಿಗಳಿಂದ.

ಏನೂ ಕಳಿಸದೆ ಬರುವುದನ್ನು ಮಾತ್ರ ನೋಡುವ ದಾರಿಯೂ ಇದೆ. ಪೋಲೆಂಡಿನ ಮಿಖಾಲ್ ಜಲೇವ್‌ಸ್ಕಿ 2000ದಲ್ಲಿ ಬರೆದ ಪಿ-ಝೀರೋ-ಎಫ್ ಇದರ ಪ್ರಸಿದ್ಧ ಉದಾಹರಣೆ. ಸಂಪರ್ಕದ ಮೊದಲ ಪ್ಯಾಕೆಟ್ ಒಂದೇ ಅದಕ್ಕೆ ಬಹಳಷ್ಟು ಹೇಳುತ್ತದೆ. ಪ್ಯಾಕೆಟ್‌ನ ಆಯುಸ್ಸನ್ನು ಸೂಚಿಸುವ ಟಿಟಿಎಲ್ ಎಂಬ ಅಂಕಿಯನ್ನು ಲಿನಕ್ಸ್ 64ರಿಂದ ಶುರುಮಾಡುತ್ತದೆ, ವಿಂಡೋಸ್ 128ರಿಂದ, ಸಿಸ್ಕೊ ರೂಟರ್‌ಗಳು ಸಾಮಾನ್ಯವಾಗಿ 255ರಿಂದ. ದಾರಿಯಲ್ಲಿ ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗುತ್ತದೆ. ಆದ್ದರಿಂದ 117 ಎಂದು ಬಂದರೆ ಅದು 128ರಿಂದ ಹೊರಟು ಹನ್ನೊಂದು ರೂಟರ್ ದಾಟಿದ ವಿಂಡೋಸ್ ಇರಬೇಕು ಎಂದು ಊಹಿಸಬಹುದು. ಇದಕ್ಕೆ ಟಿಸಿಪಿಯ ಐಚ್ಛಿಕ ಅಂಶಗಳನ್ನು ಜೋಡಿಸಿದ ಕ್ರಮವನ್ನು ಸೇರಿಸಿದರೆ ಊಹೆ ಗಟ್ಟಿಯಾಗುತ್ತದೆ. ಲಿನಕ್ಸ್ ಮೊದಲ ಪ್ಯಾಕೆಟ್‌ನಲ್ಲೇ ಸಮಯದ ಮುದ್ರೆ ಹಾಕುತ್ತದೆ. ವಿಂಡೋಸ್ ತಾನಾಗಿ ಹಾಕುವುದಿಲ್ಲ.

ಈ ವಿದ್ಯೆ ಹುಟ್ಟಿದಾಗ ಇದರಿಂದ ಸಾಧನದ ಬಗೆಯೂ ತಿಳಿಯುತ್ತಿತ್ತು. ಸೋಲಾರಿಸ್ ಎಂದರೆ ಸರ್ವರ್, ಐಓಎಸ್ ಎಂದರೆ ಸಿಸ್ಕೊ ರೂಟರ್, ವಿಂಡೋಸ್ 95 ಎಂದರೆ ಮೇಜಿನ ಮೇಲಿನ ಪಿಸಿ. ಈಗ ಆ ಜಗತ್ತು ಇಲ್ಲ. ಟಿವಿ, ಡಿವಿಆರ್, ಮನೆಯ ರೂಟರ್, ಬಾಗಿಲ ಬೆಲ್, ಕಾರಿನ ಪರದೆ, ದತ್ತಾಂಶ ಕೇಂದ್ರದ ದೊಡ್ಡ ಸರ್ವರ್, ಎಲ್ಲದರ ತಳದಲ್ಲೂ ಲಿನಕ್ಸ್. ಪ್ಯಾಕೆಟ್‌ನ ಧಾಟಿಯಿಂದ "ಲಿನಕ್ಸ್ 3ರಿಂದ 4ರವರೆಗಿನ ಯಾವುದೋ ಆವೃತ್ತಿ" ಎಂದು ತಿಳಿದರೆ ಅದು ಏನನ್ನೂ ತಿಳಿಯದಿರುವುದಕ್ಕೆ ಹತ್ತಿರ. ಎನ್‌ಮ್ಯಾಪ್ ತನ್ನ ವರದಿಯಲ್ಲಿ ಸಾಧನದ ಬಗೆ ಎಂದು ಒಂದು ಸಾಲು ಕೊಡುತ್ತದೆ: ಸಾಮಾನ್ಯ ಬಳಕೆಯದು, ರೂಟರ್, ಪ್ರಿಂಟರ್, ವೆಬ್‌ಕ್ಯಾಮ್ ಹೀಗೆ. ಅದರ ಪಕ್ಕದಲ್ಲಿ ಎಷ್ಟೋ ಸಲ ಶೇಕಡಾವಾರು ಅಂಕಿಯೂ ಇರುತ್ತದೆ. ಆ ಅಂಕಿ ಹೇಳುವುದು ಪಟ್ಟಿಯ ಮಾದರಿಗೆ ಎಷ್ಟು ಹೋಲುತ್ತದೆ ಎಂಬುದನ್ನು. ಉತ್ತರ ಸರಿಯಿರುವ ಸಂಭವನೀಯತೆಯನ್ನಲ್ಲ. ಕಚೇರಿಗಳ ಭದ್ರತಾ ವರದಿಗಳಲ್ಲಿ ಇವೆರಡನ್ನೂ ಒಂದೇ ಎಂದು ಬರೆದಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ.

ನಡುವೆ ಇನ್ನೊಂದು ಅಡ್ಡಿ. ನೀವು ತಟ್ಟಿದ ಬಾಗಿಲಿಗೆ ಉತ್ತರ ಕೊಟ್ಟದ್ದು ನೀವು ಹುಡುಕುತ್ತಿರುವ ಸಾಧನವೇ ಎಂದು ಹೇಗೆ ಗೊತ್ತು? ಮುಂದೆ ಫೈರ್‌ವಾಲ್ ನಿಂತಿರಬಹುದು. ಮನೆಯ ರೂಟರ್ ಒಂದು ಪೋರ್ಟನ್ನು ಕ್ಯಾಮೆರಾಕ್ಕೂ ಇನ್ನೊಂದನ್ನು ಡಿಸ್ಕ್ ಪೆಟ್ಟಿಗೆಗೂ ತಿರುಗಿಸಿರಬಹುದು. ಆಗ ಒಂದೇ ವಿಳಾಸದಲ್ಲಿ ಮೂರು ಸಾಧನಗಳ ಬೆರಕೆ ಧ್ವನಿ ಕೇಳುತ್ತದೆ. ನಮ್ಮಲ್ಲಿ ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಇಟ್ಟಿರುತ್ತವೆ. ಅಂಥ ವಿಳಾಸಕ್ಕೆ "ಬಗೆ" ಎಂಬುದೇ ಇರುವುದಿಲ್ಲ. ಇಂಥ ಪರದೆಯ ಹಿಂದೆ ಎಷ್ಟು ಯಂತ್ರಗಳಿವೆ ಎಂದು ಐಪಿ ಪ್ಯಾಕೆಟ್‌ಗಳ ಗುರುತು ಸಂಖ್ಯೆಗಳಿಂದ ಎಣಿಸುವ ಜಾಣ ಉಪಾಯವೊಂದನ್ನು ಸ್ಟೀವನ್ ಬೆಲೋವಿನ್ 2002ರಲ್ಲಿ ತೋರಿಸಿದ್ದರು.

ಅದಕ್ಕಿಂತ ಬೆರಗು ಹುಟ್ಟಿಸಿದ್ದು 2005ರಲ್ಲಿ ತಡಯೋಶಿ ಕೋನೊ, ಆಂಡ್ರೆ ಬ್ರೊಯ್ಡೊ, ಕೆ.ಸಿ. ಕ್ಲಾಫಿ ಪ್ರಕಟಿಸಿದ ಕೆಲಸ. ಪ್ರತಿ ಯಂತ್ರದ ಗಡಿಯಾರವೂ ಒಳಗಿನ ಹರಳಿನ ಸೂಕ್ಷ್ಮ ವ್ಯತ್ಯಾಸದಿಂದಾಗಿ ತನ್ನದೇ ಪ್ರಮಾಣದಲ್ಲಿ ಹಿಂದೆ ಮುಂದೆ ಓಡುತ್ತದೆ. ಟಿಸಿಪಿಯ ಸಮಯ ಮುದ್ರೆಗಳನ್ನು ಸಾಕಷ್ಟು ಹೊತ್ತು ಸಂಗ್ರಹಿಸಿದರೆ, ಸಾವಿರಾರು ಮೈಲಿ ದೂರದಿಂದಲೂ ಆ ಓಟವನ್ನು ಅಳೆಯಬಹುದು. ಇದು ಬಗೆಯನ್ನು ಹೇಳುವುದಿಲ್ಲ, ಒಂದೇ ಬಗೆಯ ಎರಡು ಯಂತ್ರಗಳನ್ನು ಬೇರ್ಪಡಿಸುತ್ತದೆ. ಗುರುತಿಸುವುದು ಎಂಬ ಒಂದೇ ಮಾತಿನೊಳಗೆ ಜಾತಿಯನ್ನು ಹೇಳುವ ಕೆಲಸವೂ ವ್ಯಕ್ತಿಯನ್ನು ಹಿಡಿಯುವ ಕೆಲಸವೂ ಅಡಗಿವೆ, ಎರಡನೆಯದು ಖಾಸಗಿತನಕ್ಕೆ ಹೆಚ್ಚು ಅಪಾಯಕಾರಿ.

ಗೂಢಲಿಪಿಯ ಕೀಲಿ ಕೂಡ ತಯಾರಕನ ಗುಟ್ಟು ಬಿಟ್ಟುಕೊಡುತ್ತದೆ. 2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಇಂಟರ್ನೆಟ್ಟಿನ ಸಾರ್ವಜನಿಕ ಕೀಲಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಐಬಿಎಂನ ಒಂದು ಬಗೆಯ ದೂರನಿರ್ವಹಣಾ ಕಾರ್ಡ್‌ಗಳು ಕೇವಲ ಒಂಬತ್ತು ಅವಿಭಾಜ್ಯ ಸಂಖ್ಯೆಗಳಿಂದ ಕೀಲಿ ಮಾಡಿಕೊಳ್ಳುತ್ತಿದ್ದವು ಎಂದು ಬಯಲಾಯಿತು. ಒಂಬತ್ತರಿಂದ ಎರಡೆರಡು ಆರಿಸಿದರೆ ಮೂವತ್ತಾರು ಕೀಲಿ. ಆ ಮೂವತ್ತಾರರಲ್ಲಿ ಒಂದು ಕಂಡರೆ ಸಾಕು, ಬ್ಯಾನರ್ ಬೇಕಿಲ್ಲ.

ಮ್ಯಾಕ್ ವಿಳಾಸದ ಕತೆ ಎಲ್ಲರಿಗೂ ಪರಿಚಿತ, ಆದರೂ ಅದರ ಮಿತಿಯನ್ನು ಮರೆಯುವವರೇ ಹೆಚ್ಚು. ಜಾಲದ ಕಾರ್ಡಿನ 48 ಬಿಟ್ ಸಂಖ್ಯೆಯ ಮೊದಲ 24 ಬಿಟ್ಟುಗಳನ್ನು ಐಟ್ರಿಪಲ್‌ಇ ಸಂಸ್ಥೆ ತಯಾರಕರಿಗೆ ಹಂಚುತ್ತದೆ. ಬಿ8-27-ಇಬಿ ಎಂದು ಶುರುವಾದರೆ ರಾಸ್ಪ್‌ಬೆರಿ ಪೈ, 00-00-0ಸಿ ಎಂದರೆ ಸಿಸ್ಕೊ. ಆದರೆ ಅದು ಹೇಳುವುದು ಕಾರ್ಡ್ ಯಾರದ್ದು ಎಂದು. ಪೆಟ್ಟಿಗೆ ಯಾರದ್ದು ಎಂಬುದು ಬೇರೆಯೇ ಆಗಿರಬಹುದು. ಮೊದಲ ರೂಟರ್ ದಾಟಿದ ಮೇಲೆ ಆ ವಿಳಾಸ ಉಳಿಯುವುದೂ ಇಲ್ಲ. ಮೇಲಾಗಿ ಫೋನ್‌ಗಳು ಈಗ ಮ್ಯಾಕ್ ವಿಳಾಸವನ್ನು ಮರೆಮಾಚುತ್ತವೆ: 2019ರ ಆಂಡ್ರಾಯ್ಡ್ 10 ಮತ್ತು 2020ರ ಆಪಲ್‌ನ ಐಓಎಸ್ 14ರಿಂದ ಈಚೆಗೆ ಒಂದೊಂದು ವೈಫೈಗೂ ಒಂದೊಂದು ಕಲ್ಪಿತ ವಿಳಾಸ ತಾನಾಗಿಯೇ ಸೃಷ್ಟಿಯಾಗುತ್ತದೆ. ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯ ವಿಳಾಸವಲ್ಲ ಎಂದು ತಿಳಿಯಬೇಕು.

ಇಷ್ಟಾದರೂ ಮ್ಯಾಕ್ ವಿಳಾಸ ದೂರ ಪ್ರಯಾಣ ಮಾಡುವ ಒಂದು ಕಳ್ಳದಾರಿ ಉಂಟು. ಐಪಿವಿ6ರ ಹಳೆಯ ಪದ್ಧತಿಯಲ್ಲಿ ಸಾಧನ ತನ್ನ ಮ್ಯಾಕ್ ವಿಳಾಸದ ನಡುವೆ ಎಫ್‌ಎಫ್-ಎಫ್‌ಇ ತುರುಕಿ, ಒಂದು ಬಿಟ್ ಬದಲಿಸಿ, ಅದನ್ನೇ ಜಾಗತಿಕ ವಿಳಾಸದ ಅರ್ಧವಾಗಿ ಬಳಸುತ್ತಿತ್ತು. ಇದರ ಅಪಾಯ ತಿಳಿದು 2001ರಲ್ಲೇ ಬದಲಿ ವ್ಯವಸ್ಥೆ ಸೂಚಿಸಲಾಯಿತು. ಫೋನ್‌ಗಳು, ಲ್ಯಾಪ್‌ಟಾಪ್‌ಗಳು ಅದನ್ನು ಒಪ್ಪಿಕೊಂಡವು. ಮನೆಯ ರೂಟರ್‌ಗಳಲ್ಲಿ ಅನೇಕವು ಒಪ್ಪಿಕೊಳ್ಳಲಿಲ್ಲ. ಎರಿಕ್ ರೈ ಮತ್ತು ರಾಬರ್ಟ್ ಬೆವರ್ಲಿ ಇದರ ಪರಿಣಾಮ ತೋರಿಸಿದರು. ರೂಟರ್‌ನ ಹೊರಮುಖದ ಮ್ಯಾಕ್‌ಗೂ ಅದರ ವೈಫೈ ಮ್ಯಾಕ್‌ಗೂ ಸಾಮಾನ್ಯವಾಗಿ ಕೆಲವೇ ಅಂಕಿಗಳ ಅಂತರ. ವೈಫೈ ಮ್ಯಾಕ್‌ಗಳು ಭೂಪಟದ ಮೇಲೆ ಎಲ್ಲಿವೆ ಎಂಬ ಸಾರ್ವಜನಿಕ ದಾಖಲೆಗಳಿವೆ. ಎರಡನ್ನೂ ಹೊಂದಿಸಿದರೆ ದೂರದ ಒಂದು ಐಪಿವಿ6 ವಿಳಾಸದಿಂದ ತಯಾರಕ ಯಾರೆಂಬುದಷ್ಟೇ ಅಲ್ಲದೆ ಬೀದಿ ಯಾವುದೆಂಬುದೂ ಸಿಗುತ್ತದೆ. ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಭಾರತದಲ್ಲಿ ಈ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆದಿಲ್ಲ.

ಒಳಜಾಲದಲ್ಲಿ ನಿಂತು ನೋಡುವವರಿಗೆ ಕೆಲಸ ಎಷ್ಟೋ ಸುಲಭ. ಸಾಧನ ಜಾಲಕ್ಕೆ ಸೇರುವಾಗ ವಿಳಾಸ ಬೇಡುವ ಡಿಎಚ್‌ಸಿಪಿ ಕೋರಿಕೆಯಲ್ಲಿ ತನಗೆ ಏನೇನು ಮಾಹಿತಿ ಬೇಕು ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯ ಕ್ರಮ ಆಪಲ್‌ಗೆ ಒಂದು, ಆಂಡ್ರಾಯ್ಡ್‌ಗೆ ಒಂದು, ಪ್ರಿಂಟರ್‌ಗೆ ಇನ್ನೊಂದು. ಟಿವಿ, ಸ್ಪೀಕರ್‌ಗಳು ತಮ್ಮ ಹೆಸರನ್ನು ತಾವೇ ಸಾರುತ್ತವೆ. 2019ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅವಾಸ್ಟ್ ಕಂಪನಿಯ ಜೊತೆ ಸೇರಿ 1.6 ಕೋಟಿ ಮನೆಗಳ 8.3 ಕೋಟಿ ಸಾಧನಗಳನ್ನು ವರ್ಗೀಕರಿಸಲು ಸಾಧ್ಯವಾದದ್ದು ಮನೆಯೊಳಗಿನ ಕಂಪ್ಯೂಟರಿನಲ್ಲಿ ಕೂತ ತಂತ್ರಾಂಶದಿಂದ. ಹೊರಗಿನಿಂದ ಅದನ್ನು ಮಾಡಲು ಹೋಗಿದ್ದರೆ ಕಾಣುತ್ತಿದ್ದದ್ದು ಬಹುಪಾಲು ರೂಟರ್‌ಗಳು ಮಾತ್ರ.

ಎಲ್ಲವೂ ಗೂಢಲಿಪಿಯಲ್ಲಿ ಅಡಗುತ್ತಿರುವ ಈ ಕಾಲದಲ್ಲಿ ಹೊಸ ಸಂಶೋಧನೆ ಸಾಧನದ ನಡವಳಿಕೆಯತ್ತ ಹೊರಳಿದೆ. ಗೂಢಲಿಪಿಯ ಸಂಪರ್ಕ ಶುರುವಾಗುವ ಕ್ಷಣದಲ್ಲಿ ಕಳಿಸುವ ಆಯ್ಕೆಗಳ ಪಟ್ಟಿಯಿಂದ ತಂತ್ರಾಂಶವನ್ನು ಗುರುತಿಸುವ ಜೆಎ3 ಪದ್ಧತಿಯನ್ನು ಸೇಲ್ಸ್‌ಫೋರ್ಸ್‌ನ ಎಂಜಿನಿಯರ್‌ಗಳು 2017ರಲ್ಲಿ ಬಳಕೆಗೆ ಬಿಟ್ಟರು. 2023ರಲ್ಲಿ ಕ್ರೋಮ್ ಆ ಆಯ್ಕೆಗಳನ್ನು ಪ್ರತಿ ಸಲವೂ ಕಲೆಸಿ ಕಳಿಸತೊಡಗಿತು. ಹಳೆಯ ಮುದ್ರೆ ಕೆಲಸಕ್ಕೆ ಬಾರದಾಯಿತು. ಅದೇ ವರ್ಷ ಕ್ರಮವನ್ನು ಲೆಕ್ಕಿಸದ ಜೆಎ4 ಬಂತು. ಕ್ರೋಮ್ ಬದಲಾಗುವ ವೇಗದಲ್ಲಿ ಕ್ಯಾಮೆರಾ, ಬಲ್ಬುಗಳು ಬದಲಾಗುವುದಿಲ್ಲ. ಅವು ಈಗಲೂ ಹಳೆಯ ಮುದ್ರೆಗೇ ಸಿಕ್ಕಿಬೀಳುತ್ತವೆ.

ಯಾವ ಹೊತ್ತಿಗೆ, ಎಷ್ಟು ಬೈಟು, ಯಾವ ಸರ್ವರ್‌ಗೆ ಎಂಬ ಲೆಕ್ಕದಿಂದಲೇ ಬಗೆಯನ್ನು ಹೇಳುವುದು ಇನ್ನೊಂದು ದಾರಿ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜಯ್ ಶಿವರಾಮನ್ ಅವರ ತಂಡ 28 ಸಾಧನಗಳನ್ನು ಒಂದು ಕೊಠಡಿಯಲ್ಲಿ ಜೋಡಿಸಿ, ಆರು ತಿಂಗಳ ಸಂಚಾರವನ್ನು ದಾಖಲಿಸಿ, ಯಂತ್ರಕಲಿಕೆಯಿಂದ ಶೇ 99ಕ್ಕೂ ಹೆಚ್ಚು ನಿಖರತೆ ಸಾಧಿಸಿತು. ಇದು ಗಟ್ಟಿ ಕೆಲಸ. ದತ್ತಾಂಶವನ್ನು ಉಳಿದವರಿಗೂ ಕೊಟ್ಟಿದ್ದು ಇನ್ನೂ ದೊಡ್ಡದು. ಆದರೆ ಇದನ್ನು ಅನುಸರಿಸಿ ಬಂದ ಹತ್ತಾರು ಪ್ರಬಂಧಗಳ ಶೇ 98, ಶೇ 99 ನೋಡಿ ನನಗೆ ದಿಗಿಲಾಗುತ್ತದೆ. 28 ಸಾಧನಗಳನ್ನು ಕಲಿತ ಯಂತ್ರಕ್ಕೆ 29ನೆಯದನ್ನು ತೋರಿಸಿದರೆ, "ಗೊತ್ತಿಲ್ಲ" ಎನ್ನುವುದನ್ನು ಪ್ರತ್ಯೇಕವಾಗಿ ಕಲಿಸದಿದ್ದರೆ, ಅದು 28ರಲ್ಲಿ ಒಂದರ ಹೆಸರನ್ನು ಧೈರ್ಯವಾಗಿ ಹೇಳುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸಿಗುವ ಹೆಸರಿಲ್ಲದ ಕ್ಯಾಮೆರಾಗಳು ಸಿಡ್ನಿಯ ಆ ಕೊಠಡಿಯಲ್ಲಿ ಇರಲಿಲ್ಲ. ಫರ್ಮ್‌ವೇರ್ ನವೀಕರಣವಾದ ಮರುದಿನ ನಡವಳಿಕೆಯೂ ಬದಲಾಗಬಹುದು.

ಗುರುತಿಸುವವರಿದ್ದ ಕಡೆ ವೇಷ ಹಾಕುವವರೂ ಇರುತ್ತಾರೆ. ನೀಲ್ಸ್ ಪ್ರೊವೋಸ್ ಬರೆದ ಹನಿಡಿ ಎಂಬ ತಂತ್ರಾಂಶ ಎನ್‌ಮ್ಯಾಪ್‌ನ ಪಟ್ಟಿಯನ್ನೇ ತಿರುಗಿಸಿ ಓದಿ, ಒಂದೇ ಕಂಪ್ಯೂಟರಿನಿಂದ ನೂರಾರು ಬಗೆಯ ಯಂತ್ರಗಳಂತೆ ನಟಿಸುತ್ತಿತ್ತು. ಕಾರ್ಖಾನೆಯ ನಿಯಂತ್ರಣ ಯಂತ್ರದಂತೆ ನಟಿಸುವ ಕಾನ್‌ಪಾಟ್ ಮೊದಲಿಗೆ ತನ್ನನ್ನು ಸೀಮೆನ್ಸ್ ಸಾಧನವೆಂದೂ ಸ್ಥಾವರವನ್ನು "ಮೌಸರ್ ಫ್ಯಾಕ್ಟರಿ" ಎಂದೂ ಪರಿಚಯಿಸಿಕೊಳ್ಳುತ್ತದೆ. ಆ ಹೆಸರನ್ನು ಬದಲಿಸದೆ ಜಾಲಕ್ಕೆ ಬಿಟ್ಟವರಿಂದಾಗಿ ಎಷ್ಟೋ ಸಮೀಕ್ಷೆಗಳ ಲೆಕ್ಕದಲ್ಲಿ ಇಲ್ಲದ ಕಾರ್ಖಾನೆಗಳು ಸೇರಿಕೊಂಡಿವೆ.

ಕೆಣಕಿ ನೋಡುವುದಕ್ಕೂ ಬೆಲೆಯಿದೆ. ಎನ್‌ಮ್ಯಾಪ್ ಸೇವೆಗಳ ಆವೃತ್ತಿ ಹುಡುಕುವಾಗ 9100ರಿಂದ 9107ರವರೆಗಿನ ಪೋರ್ಟ್‌ಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಆ ಪೋರ್ಟ್‌ಗಳಿಗೆ ಬಂದದ್ದನ್ನೆಲ್ಲ ಅನೇಕ ಪ್ರಿಂಟರ್‌ಗಳು ಮುಗ್ಧವಾಗಿ ಅಚ್ಚುಹಾಕಿ ರಾಶಿ ಕಾಗದ ಹೊರತಳ್ಳುತ್ತವೆ. ಪ್ರಿಂಟರ್ ಎಂದು ಖಚಿತವಾಗುತ್ತದೆ ಎನ್ನುವುದು ನಿಜ, ಬೈಗುಳವೂ ಖಚಿತ. ಕಾರ್ಖಾನೆಯ ಹಳೆಯ ನಿಯಂತ್ರಕಗಳು ವಕ್ರ ಪ್ಯಾಕೆಟ್ ಕಂಡರೆ ನಿಂತೇ ಹೋಗಬಹುದು. ಅಂಥಲ್ಲಿ ಸುಮ್ಮನೆ ಕೂತು ಕೇಳಿಸಿಕೊಳ್ಳುವುದೊಂದೇ ಸಭ್ಯ ದಾರಿ.

2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಬಿಡುಗಡೆ ಮಾಡಿ, ಐಪಿವಿ4ರ ಎಲ್ಲ ವಿಳಾಸಗಳನ್ನೂ ಒಂದು ಸಾಮಾನ್ಯ ಯಂತ್ರದಿಂದ 45 ನಿಮಿಷದೊಳಗೆ ತಟ್ಟಬಹುದೆಂದು ತೋರಿಸಿದರು. ಜಾನ್ ಮ್ಯಾಥರ್ಲಿ 2009ರಲ್ಲಿ ಶುರುಮಾಡಿದ ಶೋಡಾನ್, 2015ರಲ್ಲಿ ಬಂದ ಸೆನ್ಸಿಸ್ ಇವು ಬ್ಯಾನರ್‌ಗಳನ್ನು ಮೊದಲೇ ಕೂಡಿಟ್ಟಿವೆ. ಹುಡುಕುವವನು ಒಂದೇ ಒಂದು ಪ್ಯಾಕೆಟ್ ಕಳಿಸಬೇಕಿಲ್ಲ. ಇದೇ ಕೆಲಸವನ್ನು ಕಾನೂನು ಮುರಿದು ಮಾಡಿದ ಅನಾಮಧೇಯನೊಬ್ಬ 2012ರಲ್ಲಿ ಸುಮಾರು 4,20,000 ಸಾಧನಗಳಿಗೆ ಕಾರ್ಖಾನೆಯ ಪಾಸ್‌ವರ್ಡ್‌ನಿಂದಲೇ ನುಗ್ಗಿ, ಅವುಗಳ ಮೂಲಕ ಇಡೀ ಇಂಟರ್ನೆಟ್ಟಿನ ಗಣತಿ ಮಾಡಿ ಮರುವರ್ಷ ಪ್ರಕಟಿಸಿದ್ದ. ಎಚ್ಚರಿಕೆ ಸಿಕ್ಕಿತ್ತು, ಮಿರಾಯ್ ಬರುವವರೆಗೆ ಯಾರೂ ಕಿವಿಗೊಡಲಿಲ್ಲ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೇ ಕಲಮುಗಳ ಪ್ರಕಾರ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರನ್ನು ದುರುದ್ದೇಶದಿಂದ ಪ್ರವೇಶಿಸುವುದು ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಕುತೂಹಲ ತಣಿಸಿಕೊಳ್ಳಲು ಸ್ವಂತ ಜಾಲ ಸಾಕು.

ತಯಾರಕರೇ ಸಾಧನದ ಗುರುತನ್ನು ಪ್ರಾಮಾಣಿಕವಾಗಿ ಹೇಳುವಂತೆ ಮಾಡಿದರೆ ಈ ಸಾಹಸವೆಲ್ಲ ಯಾಕೆ ಎಂದು ಕೇಳಬಹುದು. 2019ರ ಆರ್‌ಎಫ್‌ಸಿ 8520 ಅದಕ್ಕೊಂದು ವ್ಯವಸ್ಥೆ ಸೂಚಿಸಿದೆ: ಸಾಧನ ಜಾಲಕ್ಕೆ ಸೇರುವಾಗ ತಯಾರಕರ ಒಂದು ಕಡತದ ವಿಳಾಸ ಕೊಡುತ್ತದೆ, ತಾನು ಯಾರೊಡನೆ ಮಾತ್ರ ಮಾತಾಡುವೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಚೆಲುವಾದ ಯೋಜನೆ, ಅಗ್ಗದ ಸಾಧನಗಳ ಮಾರುಕಟ್ಟೆ ಅದನ್ನು ಕಣ್ಣೆತ್ತಿಯೂ ನೋಡಿಲ್ಲ. ಕಾನೂನಿನ ಒತ್ತಡ ಹೆಚ್ಚು ಫಲ ಕೊಡುತ್ತಿದೆ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ನಿಷೇಧಿಸಿದೆ. ಭಾರತದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳು ಎಸ್‌ಟಿಕ್ಯೂಸಿ ಎಂಬ ಸರ್ಕಾರಿ ಸಂಸ್ಥೆಯ ಮಾನ್ಯತೆಯ ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದರೆ ಅದಕ್ಕೂ ಮೊದಲು ಗೋಡೆಗೆ ಏರಿದ ಕ್ಯಾಮೆರಾಗಳು ಅಲ್ಲೇ ಇವೆ, ಇನ್ನೂ ಹಲವು ವರ್ಷ ಇರುತ್ತವೆ.

ಆದ್ದರಿಂದ ಶಾಲೆ, ಆಸ್ಪತ್ರೆ, ಸಹಕಾರಿ ಬ್ಯಾಂಕು, ಪಂಚಾಯಿತಿ ಕಚೇರಿಗಳಲ್ಲಿ ಜಾಲ ನೋಡಿಕೊಳ್ಳುವವರಿಗೆ ನನ್ನದೊಂದು ಕೋರಿಕೆ. ಯಾವುದೇ ಸ್ಕ್ಯಾನರ್ ಕೊಂಡುಕೊಳ್ಳುವ ಮೊದಲು ನಿಮ್ಮ ದಾಸ್ತಾನು ವಹಿ ತೆರೆಯಿರಿ. ಅದರಲ್ಲಿ ಬೆಂಚು, ಬೀರು, ಫ್ಯಾನುಗಳಿಗೆ ಸಂಖ್ಯೆ ಇರುತ್ತದೆ. ಕ್ಯಾಮೆರಾ, ರೂಟರ್‌ಗಳಿಗೆ ಬಿಲ್ಲಿನ ಮೊತ್ತ ಬಿಟ್ಟರೆ ಬೇರೇನೂ ಇರುವುದಿಲ್ಲ. ಮ್ಯಾಕ್ ವಿಳಾಸ, ಫರ್ಮ್‌ವೇರ್ ಆವೃತ್ತಿ ಎಂದು ಎರಡು ಅಂಕಣ ಎಳೆಯಿರಿ, ಸಾಧನ ಗೋಡೆಗೆ ಏರುವ ದಿನವೇ ತುಂಬಿ. ಸ್ಕ್ಯಾನ್ ಮಾಡಿದವರು ವರದಿ ಕೊಟ್ಟಾಗ, ಈ ಹೆಸರು ಬ್ಯಾನರಿನಿಂದ ಸಿಕ್ಕಿದ್ದೋ, ಪ್ಯಾಕೆಟ್‌ನ ಧಾಟಿಯಿಂದ ಊಹಿಸಿದ್ದೋ ಎಂದು ಕೇಳಿ. ಉತ್ತರ ಕೊಡಲಾಗದವರ ಬಿಲ್ಲಿಗೆ ಸಹಿ ಹಾಕಬೇಡಿ.